ಅಂಬೆಗಾಲಿನವರಿರುವ ಮನೆಯಲ್ಲಿ ಫೋನ್ ಬಾಳಬೇಕೆಂದರೆ

ಕವರಿಗೆ ಎಷ್ಟೇ ದುಡ್ಡು ಸುರಿಯಿರಿ, ಫೋನ್ ಉಳಿಯುವುದು ದೊಡ್ಡವರ ಅಭ್ಯಾಸದಿಂದ. ನೆಲಕ್ಕಿಂತ ಜೊಲ್ಲು, ಜೊಲ್ಲಿಗಿಂತ ಬಕೆಟ್ಟು ಅದಕ್ಕೆ ದೊಡ್ಡ ಶತ್ರು.

1. ಫೋನಿಗೆ ಎತ್ತರದಲ್ಲೊಂದು ಜಾಗ ಗೊತ್ತುಮಾಡಿ. ಫ್ರಿಜ್ಜಿನ ತಲೆಯೋ, ಶೋಕೇಸಿನ ಮೇಲಿನ ಹಲಗೆಯೋ. ದಿವಾನದ ಮೇಲೆ ಬಿಟ್ಟ ಫೋನು ಮಗುವಿನ ಕೈಗೆ ಕೊಟ್ಟಂತೆಯೇ ಲೆಕ್ಕ. ತಾತನ ಅಂಗಿಯ ಜೇಬನ್ನೂ ಮರೆಯಬೇಡಿ: ಎತ್ತಿಕೊಂಡ ಕೂಸಿನ ಕೈಗೆ ಸಲೀಸಾಗಿ ಸಿಗುವುದು ಅದೇ, ಅಲ್ಲಿಂದ ನೆಲಕ್ಕೆ ನಾಲ್ಕಡಿ.

2. ಕವರಿನ ಮೂಲೆಗಳು ದಪ್ಪಗಿರಲಿ, ಅಂಚು ಗಾಜಿಗಿಂತ ತುಸು ಮೇಲಿರಲಿ. ಅಂದದ ಗಟ್ಟಿ ಪ್ಲಾಸ್ಟಿಕ್ಕಿಗಿಂತ ರಬ್ಬರಿನಂಥ ಮೆತ್ತನೆಯದೇ ಮೇಲು. ಟೆಂಪರ್ಡ್ ಗ್ಲಾಸ್ ಬಿರುಕು ಬಿಟ್ಟರೆ ಅಂದೇ ಬದಲಿಸಿ. ಅದರ ಚೂರು ಸೀದಾ ಬಾಯಿಗೆ ಹೋಗುತ್ತದೆ.

3. ‘ವಾಟರ್‌ಪ್ರೂಫ್ ಸಾರ್’ ಎಂಬ ಅಂಗಡಿಯ ಮಾತನ್ನು ಪೂರ್ತಿ ನಂಬಬೇಡಿ. ಐಪಿ68 ಎಂಬುದರಲ್ಲಿ 6 ಧೂಳಿನ ಲೆಕ್ಕ, 8 ನೀರಿನದು. ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ಶುದ್ಧ ನೀರಿನಲ್ಲಿ. ಎಷ್ಟೋ ಫೋನುಗಳಿಗೆ ಒಂದೂವರೆ ಮೀಟರ್ ಆಳ, 30 ನಿಮಿಷ. ಜೊಲ್ಲು, ತಿಳಿಸಾರು, ಸೋಪಿನ ನೀರು ಆ ಲೆಕ್ಕದಲ್ಲಿಲ್ಲ. ನಾಲ್ಕು ಸಲ ಬಿದ್ದು ಅಂಚು ಬಿಟ್ಟುಕೊಂಡ ಫೋನಿಗಂತೂ ಆ ಭರವಸೆ ಮುಗಿದಂತೆಯೇ. ನೀರು ಹೊಕ್ಕರೆ ಸಾಮಾನ್ಯವಾಗಿ ವಾರಂಟಿಯೂ ಸಿಗದು. ಹಲವು ಫೋನುಗಳಲ್ಲಿ ಸಿಮ್ ಟ್ರೇ ಎಳೆದರೆ ಆ ಸಂದಿಯಲ್ಲೊಂದು ಪುಟ್ಟ ಗುರುತು ಇರುತ್ತದೆ. ನೀರು ತಾಗಿದರೆ ಅದು ಕೆಂಪಗಾಗಿ ನಿಮ್ಮ ಗುಟ್ಟು ರಟ್ಟು ಮಾಡುತ್ತದೆ.

4. ಬಕೆಟ್ಟಿಗೆ ಬಿದ್ದೇಬಿಟ್ಟಿತೇ? ಎತ್ತಿ, ಆಫ್ ಮಾಡಿ, ಕವರ್ ಬಿಚ್ಚಿ. ಚಾರ್ಜಿಂಗ್ ತೂತು ಕೆಳಮುಖವಾಗಿ ಹಿಡಿದು ಮೆಲ್ಲಗೆ ಅಂಗೈಗೆ ತಟ್ಟಿ, ಫ್ಯಾನಿನ ಗಾಳಿಗಿಡಿ. ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ. ಅಕ್ಕಿ ಡಬ್ಬಿಯೂ ಬೇಡ: ಅದರ ಹುಡಿ ತೂತಿನೊಳಗೆ ಸೇರುತ್ತದೆ, ಆಪಲ್ ಕಂಪನಿಯೇ ಬೇಡವೆಂದಿದೆ. ಅಕ್ಕಿ ಅನ್ನಕ್ಕಿರಲಿ.

5. ದುಬೈಯಲ್ಲಿರುವ ಅಪ್ಪನ ವಿಡಿಯೊ ಕಾಲ್ ಮಧ್ಯೆ ಮಗು ಕೆಂಪು ಬಟನ್ ಒತ್ತುವುದು ಗ್ಯಾರಂಟಿ. ಐಫೋನಿನ ಸೆಟ್ಟಿಂಗ್ಸಿನಲ್ಲಿ ಗೈಡೆಡ್ ಆ್ಯಕ್ಸೆಸ್ ಇದೆ. ಪರದೆ ಮುಟ್ಟಿದರೂ ಏನೂ ಆಗದಂತೆ ಮಾಡಬಹುದು. ಆಂಡ್ರಾಯ್ಡಿನ ಆ್ಯಪ್ ಪಿನ್ನಿಂಗ್ ಆ ಆ್ಯಪ್ ಬಿಟ್ಟು ಹೊರಹೋಗಲು ಬಿಡದು, ಅಷ್ಟೇ; ಕಾಲ್ ಕಟ್ ಆಗುವುದನ್ನು ತಡೆಯದು.

6. ಪವರ್ ಬಟನ್ ಪಟಪಟ ಒತ್ತಿದರೆ ಹಲವು ಫೋನುಗಳು 112ಕ್ಕೆ ಕರೆ ಮಾಡುತ್ತವೆ. ಹಾಗಾದರೆ ಗಾಬರಿಯಿಂದ ಕಟ್ ಮಾಡಬೇಡಿ, ‘ಮಗು ಒತ್ತಿಬಿಡ್ತು’ ಎಂದು ಹೇಳಿ ಮುಗಿಸಿ. ಐಫೋನಿನಲ್ಲಿ ‘ಇರೇಸ್ ಡೇಟಾ’ ಆನ್ ಇದ್ದರೆ ಹತ್ತು ತಪ್ಪು ಪಾಸ್‌ಕೋಡಿಗೆ ಎಲ್ಲವೂ ಅಳಿಸಿಹೋಗುತ್ತದೆ. ನಾಮಕರಣದ ಫೋಟೊಗಳನ್ನು ಇವತ್ತೇ ಬ್ಯಾಕಪ್ ಮಾಡಿಕೊಳ್ಳಿ. ಪ್ಲೇ ಸ್ಟೋರ್ ಖರೀದಿಗೆ ಪಾಸ್‌ವರ್ಡ್ ಕಡ್ಡಾಯವಾಗಿರಲಿ.

7. ಕೆಟ್ಟ ಹಳೇ ಫೋನನ್ನು ಆಟಕ್ಕೆ ಕೊಡುವವರಿದ್ದಾರೆ. ಬ್ಯಾಟರಿ ಒಳಗಿದ್ದರೆ ಖಂಡಿತ ಬೇಡ. ಲಿಥಿಯಂ ಬ್ಯಾಟರಿ ಹಳತಾದರೆ ಊದಿಕೊಳ್ಳಬಹುದು, ತೂತಾದರೆ ಬೆಂಕಿ ಹೊತ್ತಿಕೊಳ್ಳಬಹುದು. ಹಲ್ಲು ಬರುತ್ತಿರುವ ಮಗುವೋ ಕಂಡದ್ದನ್ನೆಲ್ಲ ಕಚ್ಚುತ್ತದೆ. ಅಲ್ಲದೆ ಅದೇನು ಮೋಸಹೋಗುವ ಪಾರ್ಟಿಯಲ್ಲ. ಅದಕ್ಕೆ ಬೇಕಾದದ್ದು ನೀವು ಹಿಡಿದು ನಗುತ್ತಿರುವ ಫೋನೇ.

8. ಚಾರ್ಜರ್ ತೆಗೆದ ಮೇಲೆ ಸ್ವಿಚ್ ಆರಿಸಿ, ವೈರ್ ಸುತ್ತಿ ಮೇಲಿಡಿ.

9. ಊಟಕ್ಕೆ ಫೋನ್ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಎರಡು ವರ್ಷ ತುಂಬುವವರೆಗೆ ಸ್ಕ್ರೀನೇ ಸಲ್ಲದು, ಆಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು. ಅದಿರಲಿ, ಮುದ್ದೆ ಮೆತ್ತಿದ ಬೆರಳನ್ನು ಯಾವ ಸ್ಪೀಕರ್ ಜಾಲರಿ ತಡೆದೀತು?

10. ಫೋನ್ ಕಾಣದಿದ್ದರೆ ಮೊದಲು ವಾಷಿಂಗ್ ಮಷೀನ್ ನಿಲ್ಲಿಸಿ, ಆಮೇಲೆ ರಿಂಗ್ ಕೊಡಿ.