ಬ್ರೇಕಿಗೆ ಸುರಿಯುವ ಪೆಟ್ರೋಲು

ತಮ್ಮಾ, ಹೊಸದಾಗಿ ಕಾರು ಕೊಂಡವನು ಎದುರಾದರೆ ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ ಒಂದೇ: ‘ಗಾಡಿ ಆವರೇಜ್ ಎಷ್ಟ್ ಕೊಡ್ತದ?’ ಬಣ್ಣ, ಸೀಟು, ಹಾಡಿನ ಪೆಟ್ಟಿಗೆ ಎಲ್ಲ ಆಮೇಲೆ. ಶೋರೂಮಿನವರು ಹೇಳಿದ ಅಂಕಿಯನ್ನು ನೀನೂ ಮೊದಲ ವಾರ ಎಲ್ಲರಿಗೂ ಒಪ್ಪಿಸುತ್ತಿ. ಎರಡು ತಿಂಗಳು ಬಿಟ್ಟು ಕೇಳಿದರೆ ದನಿ ಇಳಿದಿರುತ್ತದೆ. ‘ಇಪ್ಪತ್ನಾಕು ಅಂದಿದ್ರು ಕಾಕಾ, ಹದಿನಾರೂ ಬರವಲ್ದು.’ ಆಮೇಲೆ ಬೈಗುಳ ಶುರು. ಕಂಪನಿಯದು ಮೋಸ, ಬಂಕಿನವನು ಕಳ್ಳ, ಪೆಟ್ರೋಲು ಕಲಬೆರಕೆ. ನಿನ್ನ ಬಲಗಾಲಿನ ಹೆಸರು ಮಾತ್ರ ಆ ಪಟ್ಟಿಯಲ್ಲಿ ಎಂದೂ ಬರುವುದಿಲ್ಲ.

ನಾನು ಸರಕಾರಿ ಬಸ್ಸಿನ ಸ್ಟೇರಿಂಗ್ ಹಿಡಿದು ಮಕ್ಕಳನ್ನು ಓದಿಸಿದವನು. ಸಾರಿಗೆ ಸಂಸ್ಥೆಯ ಡಿಪೋಗಳಲ್ಲಿ ಪ್ರತಿ ಬಸ್ಸಿನ ಕೆಎಂಪಿಎಲ್ ಲೆಕ್ಕ ಇಡುತ್ತಾರೆ. ಒಂದು ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರ್ ಓಡಿತು, ಓಡಿಸಿದವರು ಯಾರು ಎಂಬುದು ದಾಖಲೆಯಲ್ಲಿ ಕೂತಿರುತ್ತದೆ. ಅದೇ ಬಸ್ಸು, ಅದೇ ರೂಟು, ಅದೇ ಜನ. ಡ್ರೈವರ್ ಬದಲಾದರೆ ಅಂಕಿ ಬದಲು. ಇದನ್ನು ಕಣ್ಣಾರೆ ಕಂಡವನಿಗೆ ನಿನ್ನ ಕಂಪನಿ ಮೋಸದ ಮಾತು ನಂಬುವುದು ಕಷ್ಟ.

ಹಾಗಂತ ಶೋರೂಮಿನ ಅಂಕಿ ದೇವರ ವಾಕ್ಯವೂ ಅಲ್ಲ. ಅದು ಪ್ರಯೋಗಶಾಲೆಯಲ್ಲಿ, ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಎಸಿ ಬಂದ್ ಮಾಡಿ, ಗೊತ್ತುಪಡಿಸಿದ ವೇಗದ ಪಟ್ಟಿಯಂತೆ ಓಡಿಸಿ ಅಳೆದದ್ದು. ಆ ಪಟ್ಟಿಯಲ್ಲಿ ವೇಗ ಗಂಟೆಗೆ 90 ಕಿಲೋಮೀಟರ್ ದಾಟುವುದೇ ಇಲ್ಲ. ಅಲ್ಲಿ ಎಮ್ಮೆ ಅಡ್ಡ ಬರುವುದಿಲ್ಲ, ರಸ್ತೆ ಮೇಲೆ ತೊಗರಿ ಹರವಿರುವುದಿಲ್ಲ, ಟಂಟಂ ನಡುರಸ್ತೆಯಲ್ಲಿ ನಿಂತು ಜನ ಹತ್ತಿಸಿಕೊಳ್ಳುವುದಿಲ್ಲ. ನಮ್ಮ ರಸ್ತೆಯಲ್ಲಿ ಆ ಅಂಕಿಗಿಂತ ಸ್ವಲ್ಪ ಕಡಿಮೆ ಬಂದರೆ ಅದು ನ್ಯಾಯ. ಮೂರರಲ್ಲೊಂದು ಪಾಲು ಮಾಯವಾದರೆ ಓಡಿಸುವ ರೀತಿಯನ್ನು ನೋಡಬೇಕು.

ನಮ್ಮ ದಾರಿಯನ್ನೇ ತಗೋ. ಯಾದಗಿರಿ ಬಿಟ್ಟು ಭೀಮಾ ಸೇತುವೆ ದಾಟಿ, ನಾಯ್ಕಲ್, ದೋರನಹಳ್ಳಿ ಮೇಲೆ ಶಹಾಪುರ. ಅಲ್ಲಿಂದ ಹತ್ತಿಗೂಡೂರು ದಾಟಿ ಸುರಪುರ. ಎಲ್ಲ ಸೇರಿ 60 ಕಿಲೋಮೀಟರಿನ ಆಸುಪಾಸು. ಊರು ಬಂದಲ್ಲೆಲ್ಲ ಹಂಪ್, ಶಾಲೆ ಇದ್ದಲ್ಲಿ ಹಂಪ್, ಎಂದೋ ಅಪಘಾತವಾದಲ್ಲಿ ಊರವರೇ ಹಾಕಿಸಿಕೊಂಡ ಹಂಪ್. ನೀನು ಏನು ಮಾಡುತ್ತಿ? ಹಂಪ್ ದಾಟಿದ್ದೇ ಗಾಡಿಯನ್ನು ಒದ್ದು ಎಂಬತ್ತಕ್ಕೆ ಒಯ್ಯುತ್ತಿ. ಮುಂದಿನ ಹಂಪ್ ಎದುರಿಗೇ ಕಾಣುತ್ತಿದ್ದರೂ ಅದರ ಬುಡದವರೆಗೆ ರೇಸ್ ಕೊಟ್ಟು, ಕಡೆಗೆ ಬ್ರೇಕ್ ತುಳಿಯುತ್ತಿ. ಎತ್ತಿಗೆ ಬಾರುಕೋಲಿನಿಂದ ಹೊಡೆದು ಓಡಿಸಿ, ಓಡಿದ ಮರುಗಳಿಗೆಗೆ ಮೂಗುದಾಣ ಜಗ್ಗಿದ ಹಾಗೆ. ಎತ್ತಾದರೆ ತಿರುಗಿ ನೋಡುತ್ತಿತ್ತು. ಕಾರು ಸುಮ್ಮನೆ ಪೆಟ್ರೋಲು ಕುಡಿಯುತ್ತದೆ.

ಇದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ, ನೀನು ಸೈನ್ಸ್ ಓದಿದವನು. ಇಬ್ಬರು ಕೂತ ಸಣ್ಣ ಕಾರು ಒಂದು ಟನ್ನಿನ ಹತ್ತಿರ ತೂಗುತ್ತದೆ. ಅದು 80ರ ವೇಗ ಮುಟ್ಟಿದಾಗ ಅದರೊಳಗೆ ಸೇರಿರುವ ಚಲನಶಕ್ತಿ ಸುಮಾರು 250 ಕಿಲೋಜೌಲ್. ಒಂದು ಲೀಟರ್ ಪೆಟ್ರೋಲಿನಲ್ಲಿ 32 ಮೆಗಾಜೌಲಿನಷ್ಟು ಶಕ್ತಿ ಇದ್ದರೂ ಚಕ್ರಕ್ಕೆ ಮುಟ್ಟುವುದು ಅದರ ಕಾಲುಭಾಗ ಎಂದು ಹಿಡಿ. ಮಿಕ್ಕದ್ದೆಲ್ಲ ರೇಡಿಯೇಟರ್, ಸೈಲೆನ್ಸರುಗಳ ಪಾಲು. ಅಂದರೆ ಆ 250 ಕಿಲೋಜೌಲ್ ಕೂಡಿಸಲು ನೀನು ಸುಟ್ಟದ್ದು ಹತ್ತಿರ ಹತ್ತಿರ 30 ಮಿಲಿಲೀಟರ್ ಪೆಟ್ರೋಲು. ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿದಾಗ ಅಷ್ಟೂ ಬ್ರೇಕಿನ ಡಿಸ್ಕಿನಲ್ಲಿ ಬಿಸಿಯಾಗಿ ಹೋಯಿತು. ಇಂಥ ಹತ್ತು ಹಂಪಿಗೆ 300 ಮಿಲಿ. ಹೋಗಿ ಬರುವುದಾದರೆ ಅರ್ಧ ಲೀಟರಿಗೂ ಮೇಲೆ. ಅದೇ 40ರ ವೇಗದಿಂದ ನಿಲ್ಲಿಸಿದ್ದರೆ ಒಂದು ಸಲಕ್ಕೆ 8 ಮಿಲಿ ಮಾತ್ರ, ಏಕೆಂದರೆ ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ.

ಹೀಗಾಗಿ ಆವರೇಜ್ ಇರುವುದು ಮೊದಲು ಕಣ್ಣಲ್ಲಿ. ಕಣ್ಣು ದೂರ ನೋಡಿದರೆ ಕಾಲು ತಾನಾಗಿಯೇ ಸುಧಾರಿಸುತ್ತದೆ. ಹಂಪ್ ಇನ್ನೂರು ಮುನ್ನೂರು ಮೀಟರ್ ದೂರ ಇರುವಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆ. ಗೇರ್ ಹಾಗೇ ಇರಲಿ. ಗಾಡಿ ತಾನೇ ಇಳಿಯುತ್ತ ಬಂದು ಹಂಪ್ ಹತ್ತಿರ ಬರುವಷ್ಟರಲ್ಲಿ ಬ್ರೇಕ್ ಮುಟ್ಟಿದರೆ ಸಾಕು ಅನ್ನುವ ವೇಗದಲ್ಲಿರುತ್ತದೆ. ಹತ್ತಿ ಹೇರಿದ ಟ್ರ್ಯಾಕ್ಟರ್ ಮುಂದಿದ್ದು ಎದುರಿನಿಂದ ಲಾರಿ ಬರುತ್ತಿದ್ದರೆ ಟ್ರ್ಯಾಕ್ಟರಿನ ಬೆನ್ನಿಗೆ ಹೋಗಿ ಹಾರ್ನ್ ಹೊಡೆಯಬೇಡ; ದೂರದಿಂದಲೇ ನಿಧಾನ ಮಾಡು. ಲಾರಿ ದಾಟಿದ ಮೇಲೆ ಉರುಳುತ್ತಿರುವ ಗಾಡಿಯಿಂದಲೇ ಓವರ್‌ಟೇಕ್ ಮಾಡುವುದು ಹಗುರ, ನಿಂತ ಗಾಡಿಯನ್ನು ಎಬ್ಬಿಸುವುದು ಭಾರ. ಇಷ್ಟು ಮಾಡಿದರೆ ಬ್ರೇಕ್ ಪ್ಯಾಡುಗಳೂ ಹೆಚ್ಚು ದಿನ ಬರುತ್ತವೆ, ಪಕ್ಕದಲ್ಲಿ ಕೂತ ನಿಮ್ಮವ್ವನ ಸೊಂಟವೂ ಉಳಿಯುತ್ತದೆ.

ಗೇರ್ ಹಾಗೇ ಇರಲಿ ಅಂದೆನಲ್ಲ, ಅದಕ್ಕೊಂದು ಕಾರಣ ಉಂಟು. ನನ್ನ ವಾರಿಗೆಯ ಡ್ರೈವರುಗಳು ನಿನಗೆ ಬೇರೆ ಹೇಳುತ್ತಾರೆ: ‘ಇಳಿಜಾರಿನ್ಯಾಗ ನ್ಯೂಟ್ರಲ್ ಮಾಡಿ ಬಿಡೋ, ಎಣ್ಣಿ ಉಳೀತದ.’ ಅವರು ಕಲಿತದ್ದು ಕಾರ್ಬುರೇಟರ್ ಕಾಲದಲ್ಲಿ. 1983ರ ಡಿಸೆಂಬರಿನಲ್ಲಿ ಬಂದ ಮೊದಲ ಮಾರುತಿ 800ಕ್ಕೂ ಇದ್ದದ್ದು ಕಾರ್ಬುರೇಟರೇ. ನಿನ್ನ ಕಾರಿನಲ್ಲಿರುವುದು ಇಂಜೆಕ್ಷನ್. ಗೇರಿನಲ್ಲಿದ್ದಾಗ ನೀನು ಆಕ್ಸಿಲರೇಟರನ್ನು ಪೂರ್ತಿ ಬಿಟ್ಟರೆ, ಎಂಜಿನ್ ತಕ್ಕಷ್ಟು ಸುತ್ತುತ್ತಿರುವವರೆಗೂ ಅದರ ಕಂಪ್ಯೂಟರ್ ಪೆಟ್ರೋಲು ಬಿಡುವುದನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದೆಯೋ, ಎಂಜಿನ್ ತಾನು ಬದುಕಿರಲಾದರೂ ಪೆಟ್ರೋಲು ಸುಡಬೇಕು. ವೇಗ ಇಳಿಸಬೇಕಾದ ಕಡೆ ಗೇರೇ ಲಾಭ. ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತ ತಪ್ಪಿದರೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಸುರಪುರದ ಗುಡ್ಡದ ದಾರಿಯಲ್ಲಿ ಮನೆಮಂದಿಯನ್ನು ತುಂಬಿಕೊಂಡು ಇಳಿಯುವಾಗ ನೆನಪಿಟ್ಟುಕೊ. ಇನ್ನು ಚಾವಿ ತಿರುಗಿಸಿ ಎಂಜಿನ್ನನ್ನೇ ಬಂದ್ ಮಾಡಿ ಇಳಿಯುವ ಮಹಾಶೂರರೂ ಇದ್ದಾರೆ. ಎಂಜಿನ್ ನಿಂತರೆ ಬ್ರೇಕಿನ ಬೂಸ್ಟರಿಗೆ ಬಲ ಇರುವುದಿಲ್ಲ, ಒಂದೆರಡು ಸಲ ತುಳಿದ ಮೇಲೆ ಪೆಡಲ್ ಕಲ್ಲಾಗುತ್ತದೆ, ಸ್ಟೇರಿಂಗೂ ಬಿಗಿಯಾಗುತ್ತದೆ. ಆ ಉಳಿತಾಯ ನಮಗೆ ಬೇಡ.

ನಿಧಾನ ಅಂದರೆ ಎರಡನೇ ಗೇರಿನಲ್ಲಿ ತೆವಳು ಅಂತಲ್ಲ. ಸಣ್ಣ ಪೆಟ್ರೋಲ್ ಎಂಜಿನ್ ಕಡಿಮೆ ಸುತ್ತಿನಲ್ಲಿ ತಕ್ಕಮಟ್ಟಿಗೆ ದುಡಿಯುವಾಗಲೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಹಿಂಡುತ್ತದೆ. ಬೇಗ ಬೇಗ ಮೇಲಿನ ಗೇರಿಗೆ ಹೋಗು. ಸಮತಟ್ಟಾದ ರಸ್ತೆಯಲ್ಲಿ 2000ದಿಂದ 2500 ಸುತ್ತಿನೊಳಗೆ ಬದಲಿಸಿದರೆ ಸಾಕು. ಆದರೆ ಐದು ಜನ ಕೂತಿದ್ದಾರೆ, ಎಸಿ ಇದೆ, ಏರು ಬಂದಿದೆ, ಗಾಡಿ ಗಡಗಡ ನಡುಗುತ್ತಿದೆ, ಆಗಲೂ ಟಾಪ್ ಗೇರಿಗೆ ಅಂಟಿಕೊಂಡು ಆಕ್ಸಿಲರೇಟರನ್ನು ನೆಲಕ್ಕೆ ಒತ್ತುವುದು ಜಿಪುಣತನದ ಸೋಗು ಅಷ್ಟೆ. ಪೂರ್ತಿ ಒತ್ತಿದಾಗ ಕಂಪ್ಯೂಟರ್ ಎಂಜಿನ್ನಿಗೆ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲು ಉಣಿಸುತ್ತದೆ. ಒಂದು ಗೇರ್ ಇಳಿಸು, ಏರು ಹತ್ತು, ಮತ್ತೆ ಏರಿಸು. ಎಡಗಾಲನ್ನು ಕ್ಲಚ್ ಮೇಲೆ ಇಟ್ಟೇ ಓಡಿಸುವ ಚಾಳಿ ಇದ್ದರೆ ಇವತ್ತೇ ಬಿಡು. ಹಾಫ್ ಕ್ಲಚ್ಚಿನಲ್ಲಿ ಏರಿನ ಮೇಲೆ ಗಾಡಿ ತಡೆದು ನಿಲ್ಲಿಸುವವರು ಪೆಟ್ರೋಲಿನ ಜೊತೆಗೆ ಕ್ಲಚ್ ಪ್ಲೇಟನ್ನೂ ತಿನ್ನುತ್ತಾರೆ.

ಈಗ ವೇಗದ ಮಾತು. ಶಹಾಪುರದಿಂದ ಆಚೆ ಹೆದ್ದಾರಿ 150ಎ ಹಿಡಿದೊಡನೆ ನಿನ್ನ ಕಾಲು ತುರಿಸುತ್ತದೆ ಎಂಬುದು ಗೊತ್ತು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ: 80ರಿಂದ 100ಕ್ಕೆ ಹೋದರೆ ತಡೆ ಶೇ 56 ಹೆಚ್ಚು, ಅದನ್ನು ನೂಕಲು ಬೇಕಾದ ಎಂಜಿನ್ ಪವರ್ ಹತ್ತಿರ ಹತ್ತಿರ ಎರಡರಷ್ಟು. ದೊಡ್ಡ ಎಂಜಿನ್ನಿನ ಗಾಡಿಗೆ ಅದು ಅಷ್ಟಾಗಿ ತಾಗದಿರಬಹುದು; 800 ಸಿಸಿ, 1000 ಸಿಸಿಯ ಎಂಜಿನ್ ನೂರರಲ್ಲಿ ಏದುಸಿರು ಬಿಡುತ್ತಿರುತ್ತದೆ. 1978ರಿಂದ ಇಂಧನ ಉಳಿತಾಯದ ಪ್ರಚಾರ ಮಾಡುತ್ತ ಬಂದಿರುವ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಹೇಳುವ ವೇಗ 45ರಿಂದ 55. ಇವತ್ತಿನ ಹೆದ್ದಾರಿಯಲ್ಲಿ 45ರಲ್ಲಿ ಹೋಗು ಎಂದು ನಾನು ಹೇಳುವುದಿಲ್ಲ, ಹಿಂದಿನ ಲಾರಿಯವನು ಸುಮ್ಮನಿರುವುದಿಲ್ಲ. 60ರಿಂದ 70ರೊಳಗೆ ಒಂದೇ ಸಮ ಹೋಗು. ಯಾದಗಿರಿ-ಶಹಾಪುರ 35 ಕಿಲೋಮೀಟರ್ ಅಂತ ಹಿಡಿದರೆ, ಎಲ್ಲೂ ನಿಲ್ಲದೆ 80ರಲ್ಲಿ ಹೋದವನಿಗೂ 60ರಲ್ಲಿ ಹೋದವನಿಗೂ ಒಂಬತ್ತು ನಿಮಿಷದ ಅಂತರ. ಹಂಪ್, ಊರು, ದನಕರು ಲೆಕ್ಕಕ್ಕೆ ತಂದರೆ ಆ ಒಂಬತ್ತರಲ್ಲೂ ಅರ್ಧ ಹೋಗುತ್ತದೆ. ಶಹಾಪುರದ ಚಹಾದ ಅಂಗಡಿಯಲ್ಲಿ ನೀನು ಅದಕ್ಕಿಂತ ಹೆಚ್ಚು ಹೊತ್ತು ಕೂಡುತ್ತಿ. ಗಾಳಿಯ ಮರೆ ಸಿಗುತ್ತದೆಂದು ಬಸ್ಸಿನ ಬೆನ್ನಿಗೆ ಅಂಟಿಕೊಂಡು ಹೋಗುವವರ ಬಗ್ಗೆ ಬಸ್ಸಿನವನಾಗಿ ಒಂದು ಮಾತು: ನಾವು ಯಾಕೆ, ಯಾವಾಗ ಬ್ರೇಕ್ ಹಾಕುತ್ತೇವೆ ಎಂದು ನಿನಗೆ ಕಾಣುವುದಿಲ್ಲ. ದೂರ ಇರು.

ಬೇಸಿಗೆಯಲ್ಲಿ ಎಸಿ ಬೇಡ ಎನ್ನುವಷ್ಟು ಕ್ರೂರಿ ನಾನಲ್ಲ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42, 43 ಡಿಗ್ರಿ ದಾಟುವುದು ಹೊಸದಲ್ಲ. ಬಿಸಿಲಿಗೆ ನಿಂತ ಗಾಡಿ ಹತ್ತಿದೊಡನೆ ಎಸಿ ಪೂರ್ತಿ ತಿರುಗಿಸಬೇಡ. ಕಿಟಕಿ ಇಳಿಸಿ ಒಂದೆರಡು ನಿಮಿಷ ಓಡಿಸು, ಒಳಗಿನ ಕಾವು ಹೊರಹೋಗಲಿ. ಆಮೇಲೆ ಕಿಟಕಿ ಏರಿಸಿ ಎಸಿ ಹಾಕು, ಒಳಗಿನ ಗಾಳಿಯೇ ತಿರುಗುವ ಬಟನ್ ಒತ್ತು. ಊರೊಳಗೆ ಸಂಜೆ ಹೊತ್ತಿಗೆ ಕಿಟಕಿ ಸಾಕು. ಹೆದ್ದಾರಿಯಲ್ಲಿ ನಾಲ್ಕೂ ಕಿಟಕಿ ಬಿಟ್ಟು 80ರಲ್ಲಿ ಹೋದರೆ ಗಾಳಿ ಒಳನುಗ್ಗಿ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ, ಅಲ್ಲಿ ಎಸಿಯೇ ಲೇಸು. ಯಾದಗಿರಿಯ ಸುಭಾಷ್ ವೃತ್ತದ ಹತ್ತಿರ ಎಂಜಿನ್ ಚಾಲೂ ಇಟ್ಟು, ಎಸಿಯಲ್ಲಿ ಕೂತು, ಮೊಬೈಲ್ ನೋಡುತ್ತ ಗೆಳೆಯನನ್ನು ಕಾಯುವುದಿದೆಯಲ್ಲ, ಅದು ಮಾತ್ರ ಶುದ್ಧ ದಂಡ. ನಿಂತ ಗಾಡಿಯ ಆವರೇಜ್ ಸೊನ್ನೆ.

ಟೈರಿನ ಗಾಳಿ ಬೆಳಿಗ್ಗೆ ನೋಡಿಸು. ಬಿಸಿ ರಸ್ತೆಯಲ್ಲಿ ಓಡಿ ಬಂದ ಟೈರು ಹೆಚ್ಚಿನ ಅಂಕಿ ತೋರಿಸುತ್ತದೆ, ಪಂಕ್ಚರ್ ಅಂಗಡಿಯವನು ಅದನ್ನು ನೋಡಿ ಗಾಳಿ ಇಳಿಸಿಬಿಡುತ್ತಾನೆ. ಡ್ರೈವರ್ ಬಾಗಿಲ ಹತ್ತಿರದ ಪಟ್ಟಿಯಲ್ಲಿ ಕಂಪನಿ ಬರೆದ ಅಂಕಿಯೇ ಅಂತಿಮ. ಮೈಲಾಪುರ ಮಲ್ಲಯ್ಯನ ಜಾತ್ರೆಗೆಂದು ಸಂಕ್ರಾಂತಿಗೆ ಕಟ್ಟಿಸಿದ ಕ್ಯಾರಿಯರ್ ಯುಗಾದಿಯವರೆಗೂ ಖಾಲಿ ತಲೆ ಮೇಲೆ ಕೂತಿರುತ್ತದೆ, ಅದನ್ನು ಬಿಚ್ಚು. ಗಾಡಿ ನಿಲ್ಲಿಸಿದಾಗ ಯಾವುದಾದರೂ ಒಂದು ಚಕ್ರ ಉಳಿದವಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ, ಮೆಕ್ಯಾನಿಕ್ ಹತ್ತಿರ ಹೋಗು. ನಮ್ಮ ಕರಿಮಣ್ಣಿನ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಅದರಿಂದ ಹೆಚ್ಚು ಕುಗ್ಗುವುದು ಆವರೇಜಿಗಿಂತ ಎಂಜಿನ್ನಿನ ದಮ್ಮು, ಆದರೂ ಬದಲಿಸು. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ, ಇಂಥವನ್ನು ಮಾರುವವರಿಗೆ ಒಂದು ಪೈಸೆಯನ್ನೂ ಕೊಡಬೇಡ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಹೇಳಿಕೊಳ್ಳುವಷ್ಟು ಉಳಿತಾಯ ಕೊಟ್ಟದ್ದು ಒಂದೂ ಇಲ್ಲ.

ಒಂದು ದೂರನ್ನು ಮಾತ್ರ ಒಪ್ಪುತ್ತೇನೆ. ಈಗ ಬಂಕಿನಲ್ಲಿ ಬರುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರರಲ್ಲೊಂದು ಪಾಲು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯೇ ಹಳೆಯ ಕಾರುಗಳಲ್ಲಿ ಶೇ 6-7ರಷ್ಟು, ಶೇ 20ಕ್ಕೆಂದು ಹೊಂದಿಸಿದ ಹೊಸ ಕಾರುಗಳಲ್ಲಿ ಶೇ 1-2ರಷ್ಟು ಮೈಲೇಜ್ ಇಳಿಯಬಹುದೆಂದು ಅಂದಾಜು ಮಾಡಿತ್ತು. ಅದು ನಿನ್ನ ಕೈಯಲ್ಲಿಲ್ಲ. ಆದರೆ 24 ಇಳಿದು 16 ಆಗುವುದಕ್ಕೆ ಎಥೆನಾಲನ್ನು ಹೊಣೆ ಮಾಡಿದರೆ ಲೆಕ್ಕ ಕೂಡುವುದಿಲ್ಲ.

ಇದು ಹುಡುಗರಿಗಷ್ಟೇ ಹೇಳುವ ಮಾತಲ್ಲ. ಶಾಲೆಗೆ, ಬ್ಯಾಂಕಿಗೆ, ಭೀಮರಾಯನಗುಡಿಯ ನೀರಾವರಿ ಕಚೇರಿಗೆ ಸ್ವಂತ ಕಾರಿನಲ್ಲಿ ಓಡಾಡುವ ತಂಗಿಯರೂ ಈಗ ಇದ್ದಾರೆ. ನಾನು ಕಂಡಂತೆ ಅವರಲ್ಲಿ ಹೆಚ್ಚಿನವರು ನಿನಗಿಂತ ಚೆನ್ನಾಗಿ ಓಡಿಸುತ್ತಾರೆ. ದಿನಾ ಯಾದಗಿರಿಯಿಂದ ಶಹಾಪುರಕ್ಕೆ ಹೋಗಿ ಬರುವವರಿಗೆ ತಿಂಗಳಿಗೆ 25 ದಿನ ಹಿಡಿದರೆ 1750 ಕಿಲೋಮೀಟರ್. ಲೀಟರಿಗೆ 16 ಬಂದರೆ 109 ಲೀಟರ್ ಬೇಕು, 20 ಬಂದರೆ 88ರೊಳಗೆ ಮುಗಿಯುತ್ತದೆ. ಲೀಟರಿಗೆ ನೂರು ರೂಪಾಯಿ ಹಿಡಿದರೂ ತಿಂಗಳಿಗೆ ಎರಡು ಸಾವಿರದ ಮೇಲೆ ಉಳಿಯಿತು.

ನನ್ನ ಮಾತು ನಂಬಬೇಡ, ಅಳೆದು ನೋಡು. ಡ್ಯಾಶ್‌ಬೋರ್ಡಿನಲ್ಲಿ ಮಿನುಗುವ ಅಂಕಿ ನೋಡಿ ಬೀಗಬೇಡ, ಅದು ಅಂದಾಜು. ಬಂಕಿನಲ್ಲಿ ಟ್ಯಾಂಕ್ ತುಂಬಿಸು, ಗನ್ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸು, ಕಿಲೋಮೀಟರ್ ಬರೆದುಕೊ. ಟ್ಯಾಂಕ್ ಬಹುಪಾಲು ಖಾಲಿಯಾಗುವವರೆಗೆ ಈಗ ಓಡಿಸುವಂತೆಯೇ ಓಡಿಸು, ಅದೇ ಬಂಕಿನಲ್ಲಿ ಮತ್ತೆ ಕಟ್ ಆಗುವವರೆಗೆ ತುಂಬಿಸು. ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿದರೆ ನಿನ್ನ ಈಗಿನ ಆವರೇಜ್ ಸಿಕ್ಕಿತು. ಮುಂದಿನ ಟ್ಯಾಂಕನ್ನು ಮಾತ್ರ ನಾನು ಹೇಳಿದ ಹಾಗೆ ಓಡಿಸು, ಹಂಪಿಗೆ ಮುಂಚೆಯೇ ಕಾಲು ತೆಗೆದು, 70 ದಾಟದೆ. ಎರಡೂ ಅಂಕಿ ಒಂದೇ ಚೀಟಿಯಲ್ಲಿ ಬರೆದು ತಂದು ತೋರಿಸು. ಬಂಕಿನವನನ್ನು ಬೈಯುವುದಿದ್ದರೆ ಅಲ್ಲಿಯವರೆಗೆ ತಡಿ.