ಮನೆತನದ ಪಾಠ

ಮನೆತನದ ಪರಂಪರೆಯನ್ನು ಬರೆದು ತರುವಂತೆ ಉಪಾಧ್ಯಾಯರು ಹೇಳಿದಾಗ ಮಗುವು ಮೊದಲು ಕೇಳುವುದು ತಂದೆತಾಯಿಗಳನ್ನೇ. ಅವರು ಕೊಡುವ ಉತ್ತರವೇ ಸಂಸ್ಕಾರಕ್ಕೆ ಬೀಜವಾಗುವುದು. ತೀರ್ಥಹಳ್ಳಿ ಸೀಮೆಯಲ್ಲಿ ಆ ಉತ್ತರವು ಕವಲೇದುರ್ಗದಿಂದ ಸುಲಭವಾಗಿ ಮೊದಲಾಗುತ್ತದೆ. 1499ರಿಂದ 1763ರವರೆಗೆ ಆಳಿದ ಕೆಳದಿಯ ವೀರಶೈವ ಅರಸರ ಕೋಟೆಯದು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೈನ್ಯವನ್ನು ಎದುರಿಸಿದ ಚೆನ್ನಮ್ಮಾಜಿ ಆ ವಂಶದ ರಾಣಿ. ಇದು ತಿಳಿಯತಕ್ಕುದೇ ಸರಿ. ಆದರೆ ಅರಸರ ಕೀರ್ತಿಯು ತಾನಾಗಿ ಮಗುವಿನ ಗುಣವಾಗಲಾರದು. ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ: ಈ ಶರಣರ ಹೆಸರಿನೊಡನೆ ನಿಂತುದು ವಂಶವಲ್ಲ, ಕಾಯಕ. ಆದುದರಿಂದ ಅಜ್ಜನು ಯಾವ ದುಡಿಮೆಯಿಂದ ಉಂಡನು, ಅಜ್ಜಿಯು ಯಾರಿಗೆ ಅನ್ನವಿಕ್ಕಿದಳು ಎಂಬುದನ್ನು ಮಗುವಿಗೆ ಮೊದಲು ಹೇಳಬೇಕು.

ಹಿರಿಯರ ನಡೆಗೆ ಆಧಾರವಾದ ನುಡಿಯೂ ಮನೆಯಲ್ಲಿಯೇ ಇರಬಹುದು. ಅಟ್ಟದಲ್ಲಿ ತಾಡವೋಲೆಯ ಕಟ್ಟಿದ್ದರೆ ಅದಕ್ಕೆ ಹೂವೇರಿಸಿದಷ್ಟೇ ಸಾಲದು. ಮಲೆನಾಡಿನ ಮಳೆಗಾಲದ ತೇವಕ್ಕೂ ಹುಳುವಿಗೂ ಭಕ್ತಿಯ ಹಂಗಿಲ್ಲ. ಫ. ಗು. ಹಳಕಟ್ಟಿಯವರು ಇಂತಹ ಓಲೆಗಳನ್ನು ಹುಡುಕಿ ಕೂಡಿಸಿದುದರಿಂದಲೇ 1923ರಲ್ಲಿ ‘ವಚನಶಾಸ್ತ್ರಸಾರ’ವು ಅಚ್ಚಾಯಿತು. ಕಟ್ಟನ್ನು ಬಿಚ್ಚಿ, ಬಲ್ಲವರಿಂದ ಓದಿಸಿ, ಮಕ್ಕಳಿಗೆ ಕೇಳಿಸಬೇಕು. ಹಾಗೆ ಕೇಳಿದ ಒಂದು ವಚನವಾದರೂ ಮನೆಯವರ ನಡೆಯಲ್ಲಿ ಕಂಡುಬಂದರೆ, ಮಗುವಿಗೆ ಬರೆಯಲು ಬೇಕಾದಷ್ಟು ದೊರೆತಂತಾಯಿತು.