ಮೃಗಶಿರೆಯ ಮಳೆ, ಮೃಗಶಿರೆಯ ಚುಕ್ಕಿ

ಮೃಗಶಿರೆಯ ಮಳೆಯನ್ನು ಅರಿಯದ ರೈತನಿಲ್ಲ. ಸೊಲ್ಲಾಪುರ, ಜತ್ತದ ಕಡೆಯ ನಮ್ಮವರು ಅದನ್ನೇ ಮಿರಗ ಎನ್ನುತ್ತಾರೆ. ಆದರೆ, ‘ಆ ಮೃಗಶಿರೆ ಆಕಾಶದಲ್ಲಿ ಎಲ್ಲಿದೆ, ತೋರಿಸಿ’ ಎಂದರೆ ನಮ್ಮಲ್ಲಿ ಎಷ್ಟು ಮಂದಿ ಬೆರಳು ಮಾಡಿ ತೋರಿಸಿಯೇವು? ಮಳೆಯ ಹೆಸರು ಬಾಯಲ್ಲಿ ಉಳಿದಿದೆ. ಚುಕ್ಕಿಯ ಗುರುತು ಮರೆಯಾಗುತ್ತಿದೆ. ಅದನ್ನು ಮರಳಿ ಪಡೆಯಲು ದುರ್ಬೀನು ಬೇಡ, ಬರಿಗಣ್ಣು ಸಾಕು.

ಮೊದಲು ತಿಳಿಯಬೇಕಾದ ಮಾತೆಂದರೆ, ಮೃಗಶಿರೆಯ ಮಳೆಯ ದಿನಗಳಲ್ಲಿ ಮೃಗಶಿರೆ ಕಾಣುವುದೇ ಇಲ್ಲ. ಸೂರ್ಯನು ವರ್ಷಕ್ಕೊಮ್ಮೆ 27 ನಕ್ಷತ್ರಗಳನ್ನು ಸುತ್ತಿ ಬರುವಂತೆ ನಮಗೆ ತೋರುತ್ತದೆ. ಒಂದೊಂದರಲ್ಲಿಯೂ 13–14 ದಿನ ಇರುತ್ತಾನೆ. ಜೂನ್ 8ರ ಸುಮಾರಿಗೆ ಮೃಗಶಿರೆಯನ್ನೂ 22ರ ಸುಮಾರಿಗೆ ಆರಿದ್ರೆಯನ್ನೂ ಸೇರುತ್ತಾನೆ. ಆಗ ಬೀಳುವ ಮಳೆಗೆ ಆ ನಕ್ಷತ್ರದ ಹೆಸರು. ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವ ಚುಕ್ಕಿ ಕಾಣುವುದಾದರೂ ಹೇಗೆ? ಉರಿಯುವ ಪಂಜಿನ ಪಕ್ಕದಲ್ಲಿಟ್ಟ ಹಣತೆಯಂತೆ ಅದು ಅಡಗಿರುತ್ತದೆ.

ಆದುದರಿಂದ ಅದನ್ನು ನೋಡುವ ಕಾಲ ಆರು ತಿಂಗಳ ಆಚೆಗೆ, ಚಳಿಗಾಲದಲ್ಲಿ. ಡಿಸೆಂಬರ್ ನಡುವಿನ ಹೊತ್ತಿಗೆ, ಅಮಾವಾಸ್ಯೆಯ ಆಸುಪಾಸಿನಲ್ಲಿ, ರಾತ್ರಿ ಒಂಬತ್ತಕ್ಕೆ ಅಂಗಳದ ದೀಪ ಆರಿಸಿ ಮೂಡಣಕ್ಕೆ ಮುಖಮಾಡಿ ನಿಲ್ಲಿರಿ. ಕಾಲು ಗಂಟೆಯಲ್ಲಿ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಒಂದರ ಮೇಲೊಂದು ಸಾಲಾಗಿ ನಿಂತ ಮೂರು ಚುಕ್ಕಿಗಳೂ ಅವುಗಳ ಸುತ್ತ ನಾಲ್ಕು ಚುಕ್ಕಿಗಳ ಚೌಕವೂ ಕಾಣುವುವು. ಚೌಕದ ಎಡಗಡೆ ಕೆಂಪಗೆ ಹೊಳೆಯುವುದೇ ಆರಿದ್ರೆ. ಅದರ ಸಮೀಪ, ಇನ್ನೂ ಎಡಕ್ಕೆ, ಮೂರು ಮಸಕು ಚುಕ್ಕಿಗಳ ಪುಟ್ಟ ಗುಂಪೊಂದಿದೆ. ಅದೇ ಪಂಚಾಂಗದ ಮೃಗಶಿರೆ. ಮೂರು ಚುಕ್ಕಿಗಳ ಸಾಲನ್ನೇ ಹಿಡಿದು ಕೆಳಗೆ ಹೋದರೆ ಎಲ್ಲಕ್ಕೂ ಮಿಗಿಲಾಗಿ ಬೆಳಗುವ ಲುಬ್ಧಕ ಸಿಗುತ್ತದೆ. ಮೇಲೆ ಹೋದರೆ ಕೆಂಪು ರೋಹಿಣಿ, ಅದರಾಚೆ ಗೊಂಚಲಿನಂತಹ ಕೃತ್ತಿಕೆ.

ಈ ಚೌಕ ಆಗ ಕತ್ತಲಾಗುತ್ತಲೇ ಮೂಡಿ, ನಡುರಾತ್ರಿ ನೆತ್ತಿಯ ಹತ್ತಿರ ಬಂದು, ಬೆಳಗಿನ ಜಾವ ಪಡುವಣಕ್ಕೆ ಇಳಿಯುತ್ತದೆ. ರಾತ್ರಿ ನೀರು ಹಾಯಿಸುವವರಿಗೆ, ಹೊಲ ಕಾಯುವವರಿಗೆ ಇದೇ ಗಡಿಯಾರ. ದಿನಕ್ಕೆ ನಾಲ್ಕು ನಿಮಿಷದಂತೆ, ತಿಂಗಳಿಗೆ ಎರಡು ಗಂಟೆ ಮುಂಚಿತವಾಗಿ ಅದು ಹುಟ್ಟುತ್ತ ಹೋಗುತ್ತದೆ. ಏಪ್ರಿಲಿನಲ್ಲಿ ಸಂಜೆಗೇ ಪಡುವಣಕ್ಕೆ ವಾಲಿರುತ್ತದೆ. ಮೇ ತಿಂಗಳಲ್ಲಿ ಮುಚ್ಚಂಜೆಯ ಬೆಳಕಿನೊಳಗೆ ಕರಗುತ್ತದೆ. ಅದು ಕಾಣದಾದಾಗ ಮಿರಗ ಹತ್ತಿರ ಬಂತೆಂದು ತಿಳಿಯಬೇಕು.

ಉಳಿದ ಮಳೆಗಳ ಚುಕ್ಕಿಗಳಿಗೂ ಇದೇ ಲೆಕ್ಕ. ಆಗಸ್ಟಿನ ಮಘೆಯನ್ನು ಫೆಬ್ರವರಿಯ ರಾತ್ರಿಗಳಲ್ಲಿಯೂ, ಅಕ್ಟೋಬರಿನ ಚಿತ್ತೆ ಸ್ವಾತಿಗಳನ್ನು ಏಪ್ರಿಲಿನಲ್ಲಿಯೂ ನೋಡಬಹುದು.

ಕೊನೆಯದಾಗಿ ಒಂದು ಎಚ್ಚರಿಕೆ. ಚುಕ್ಕಿ ದಿನವನ್ನು ಹೇಳುತ್ತದೆಯೇ ಹೊರತು ಮಳೆಯನ್ನು ತರುವುದಿಲ್ಲ. ತರುವುದು ಕಡಲ ಮೇಲಿಂದ ಬರುವ ಗಾಳಿ. ಒಂದೇ ಮೃಗಶಿರೆ ಕಾಸರಗೋಡಿನಲ್ಲಿ ಹೊಳೆ ತುಂಬಿಸಿದರೆ, ಜತ್ತದಲ್ಲಿ ಧೂಳನ್ನೂ ಅಡಗಿಸದೆ ಹೋದೀತು. ಹೆಸರನ್ನು ನಂಬಿ ಬೀಜ ಕಳೆದುಕೊಳ್ಳಬಾರದು. ಚುಕ್ಕಿಯನ್ನು ನೋಡಿ ನೇಗಿಲು, ಕೂರಿಗೆ ಸಿದ್ಧಮಾಡಿಕೊಳ್ಳೋಣ. ನೆಲದ ಹದ ನೋಡಿ ಬಿತ್ತೋಣ. ಗುರುತು ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಮಕ್ಕಳನ್ನು ಅಂಗಳಕ್ಕೆ ಕರೆತಂದು, ನಮ್ಮ ಮಾತಿನಲ್ಲಿಯೇ ಚುಕ್ಕಿಗಳ ಹೆಸರು ಹೇಳಿಸೋಣ.